ಚಳಿಯ ಪಾಠ ಬೀಜಕ್ಕೂ ಇಳಿಯುತ್ತದೆಯೇ? ಭತ್ತದ ಪ್ರಯೋಗ ಹೇಳಿದ್ದು, ಹೇಳದೆ ಉಳಿದದ್ದು

2025ರ ಮೇ ತಿಂಗಳಲ್ಲಿ ಚೀನಾ ವಿಜ್ಞಾನ ಅಕಾಡೆಮಿಯ ತಂಡವೊಂದು ‘ಸೆಲ್’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಭತ್ತದ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿತು. ಚಳಿ ತಾಳಲಾರದ ಭತ್ತವನ್ನು ತಲೆಮಾರಿನಿಂದ ತಲೆಮಾರಿಗೆ ಚಳಿಗೆ ಒಡ್ಡುತ್ತ ಹೋದಾಗ, ಮೂರು ತಲೆಮಾರು ಕಳೆಯುವಷ್ಟರಲ್ಲಿ ಚಳಿ ತಾಳಬಲ್ಲ ಸಂತತಿಯೊಂದು ದೊರೆಯಿತು. ಆಮೇಲೆ ಅದನ್ನು ಚಳಿಯಿಲ್ಲದ ವಾತಾವರಣದಲ್ಲಿ ಬೆಳೆಸಿದರೂ ಐದು ತಲೆಮಾರುಗಳವರೆಗೆ ಆ ಗುಣ ಅಳಿಯಲಿಲ್ಲ. ಈ ಗುಣಕ್ಕೆ ಮುಖ್ಯ ಕಾರಣವಾದ ಬದಲಾವಣೆ ಡಿಎನ್‌ಎಯ ಅಕ್ಷರಗಳಲ್ಲಿ ಆದದ್ದಲ್ಲ, ಆ ಅಕ್ಷರಗಳ ಮೇಲೆ ಕೂರುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳಲ್ಲಿ ಆದದ್ದು ಎಂದು ತಂಡ ಹೇಳಿತು.

ಪ್ರಬಂಧದ ಲೇಖಕರೇ ಡಾರ್ವಿನ್‌ಗಿಂತ ಮೊದಲಿನ ಫ್ರೆಂಚ್ ಜೀವವಿಜ್ಞಾನಿ ಲಾಮಾರ್ಕ್‌ನ ಹೆಸರನ್ನು ಎತ್ತಿದ್ದರಿಂದ ಸುದ್ದಿ ಬೇರೆಯೇ ತಿರುವು ಪಡೆಯಿತು. ಎತ್ತರದ ಎಲೆಗಾಗಿ ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತು, ಹಾಗೆ ಗಳಿಸಿದ ಗುಣ ಮರಿಗಳಿಗೂ ಬಂತು ಎಂಬ ಲಾಮಾರ್ಕ್‌ನ ವಾದವನ್ನು ತಪ್ಪೆಂದು ಪಠ್ಯಪುಸ್ತಕದಲ್ಲಿ ಓದಿದವರಿಗೆ, ಅದೇ ವಾದ ಭತ್ತದಲ್ಲಿ ಸಾಬೀತಾಯಿತೆಂಬ ಸುದ್ದಿ ಗೊಂದಲ ಹುಟ್ಟಿಸುವುದು ಸಹಜ. ಹಾಗಾದರೆ ಡಾರ್ವಿನ್ ಹೇಳಿದ್ದು ಸುಳ್ಳೇ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

ಈ ಗೊಂದಲ ಬಿಡಿಸಲು ಚಳಿ ಬಂದಾಗ ಗಿಡದೊಳಗೆ ಏನಾಗುತ್ತದೆ ಎಂಬಲ್ಲಿಂದಲೇ ತೊಡಗಬೇಕು. ಚಳಿಗೆ ಗಿಡ ಕೊಡುವ ಉತ್ತರ ಒಂದೇ ಬಗೆಯದಲ್ಲ. ಕೆಲವು ನಿಮಿಷಗಳಲ್ಲಿ ಆಗಿಹೋಗುತ್ತವೆ, ಕೆಲವಕ್ಕೆ ದಿನಗಳು ಬೇಕು, ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಇವುಗಳಲ್ಲಿ ಹೆಚ್ಚಿನವು ಆ ಗಿಡದ ಜೊತೆಗೇ ಮುಗಿಯುತ್ತವೆ. ಭತ್ತದ ಪ್ರಯೋಗದ ಮಹತ್ವವೂ ಅದರ ಮಿತಿಯೂ ಈ ಹಿನ್ನೆಲೆಯಲ್ಲಿಯೇ ಸ್ಪಷ್ಟವಾಗುತ್ತವೆ.

ಚಳಿಯಲ್ಲಿ ಎಲೆಗೆ ಬೆಳಕೇ ಭಾರ

ದ್ಯುತಿಸಂಶ್ಲೇಷಣೆ ಎರಡು ಭಾಗಗಳಲ್ಲಿ ನಡೆಯುತ್ತದೆ. ಪತ್ರಹರಿತ್ತು ಬೆಳಕನ್ನು ಹೀರಿ ಎಲೆಕ್ಟ್ರಾನ್‌ಗಳನ್ನು ಕದಲಿಸುವುದು ಮೊದಲನೆಯದು. ಇದರ ಆರಂಭದ ಹಂತಗಳು ಭೌತಿಕ ಕ್ರಿಯೆಗಳಾದ್ದರಿಂದ ತಾಪಮಾನ ಇಳಿದರೂ ಅವುಗಳ ವೇಗ ಹೆಚ್ಚೇನೂ ಕುಗ್ಗುವುದಿಲ್ಲ. ಹೀಗೆ ದೊರೆತ ಶಕ್ತಿಯಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಪರಿವರ್ತಿಸುವುದು ಎರಡನೆಯದು. ಇದು ಕಿಣ್ವಗಳ ಕೆಲಸ, ಮತ್ತು ಚಳಿ ಹೆಚ್ಚಿದಂತೆ ಕಿಣ್ವಗಳು ನಿಧಾನವಾಗುತ್ತವೆ. ಆಲೆಮನೆಗೆ ಕಬ್ಬಿನ ಗಾಡಿಗಳು ಎಂದಿನಂತೆ ಬರುತ್ತಲೇ ಇದ್ದು ಗಾಣ ಮಾತ್ರ ನಿಧಾನವಾದರೆ ಅಂಗಳದಲ್ಲಿ ಏನಾಗುತ್ತದೆಯೋ, ಚಳಿಯ ಆದರೆ ಮೋಡವಿಲ್ಲದ ಬೆಳಗಿನಲ್ಲಿ ಎಲೆಯೊಳಗೆ ಆಗುವುದೂ ಅದೇ.

ಕಬ್ಬು ಸುಮ್ಮನೆ ಬಿದ್ದಿರಬಹುದು, ಆದರೆ ಹೀರಿಕೊಂಡ ಬೆಳಕಿನ ಶಕ್ತಿ ಹಾಗೆ ಬಿದ್ದಿರುವುದಿಲ್ಲ. ಖರ್ಚಾಗದ ಶಕ್ತಿ ಆಮ್ಲಜನಕಕ್ಕೆ ಹರಿದು ಅದನ್ನು ಉಗ್ರ ರೂಪಗಳಿಗೆ ತಿರುಗಿಸುತ್ತದೆ. ಅವು ಸುತ್ತಲಿನ ಪ್ರೋಟೀನು ಮತ್ತು ಕೋಶಪೊರೆಗಳನ್ನು ಹಾಳುಮಾಡುತ್ತವೆ. ಬೆಳಕು ಹೀರುವ ಯಂತ್ರದ ನಟ್ಟನಡುವೆ ಡಿ1 ಎಂಬ ಪ್ರೋಟೀನ್ ಇದೆ. ಅದು ಬೇಸಿಗೆಯಲ್ಲೂ ದಿನವಿಡೀ ಹಾಳಾಗುತ್ತಲೇ ಇರುತ್ತದೆ, ಗಿಡ ಅದನ್ನು ಹೊಸದಾಗಿ ಕಟ್ಟಿ ಕೂರಿಸುತ್ತಲೇ ಇರುತ್ತದೆ. ಚಳಿಯಲ್ಲಿ ಹಾಳಾಗುವುದು ನಿಲ್ಲುವುದಿಲ್ಲ, ದುರಸ್ತಿ ಮಾತ್ರ ಹಿಂದೆ ಬೀಳುತ್ತದೆ. ಶೀತಕ್ಕೆ ಸಿಲುಕಿದ ಭತ್ತದ ಸಸಿಗಳು ಹಳದಿಗೆ ತಿರುಗುವುದರ ಹಿಂದೆ ಈ ಅಸಮತೋಲನದ ಪಾಲು ದೊಡ್ಡದು.

ಇದಕ್ಕೆ ಗಿಡದ ಬಳಿ ತಕ್ಷಣದ ಉಪಾಯವೊಂದಿದೆ. ಎಲೆಯಲ್ಲಿರುವ ವಯೋಲಾಕ್ಸಾಂತಿನ್ ಎಂಬ ಹಳದಿ ವರ್ಣದ್ರವ್ಯ ಬೆಳಕು ಹೆಚ್ಚಾದ ಕೂಡಲೇ ನಿಮಿಷಗಳಲ್ಲಿ ಝಿಯಾಕ್ಸಾಂತಿನ್ ಆಗಿ ಬದಲಾಗುತ್ತದೆ. ಈ ಎರಡನೆಯ ರೂಪವು ಪಿಎಸ್‌ಬಿಎಸ್ ಎಂಬ ಪ್ರೋಟೀನಿನ ಜೊತೆಗೂಡಿ, ಮಿಕ್ಕ ಶಕ್ತಿಯನ್ನು ಶಾಖವಾಗಿ ಹೊರಹಾಕಲು ನೆರವಾಗುತ್ತದೆ. ಬೆಳಕು ಕಡಿಮೆಯಾದಾಗ ಬದಲಾವಣೆ ಹಿಂದಿರುಗುತ್ತದೆ. ಇದಕ್ಕೆ ಹೊಸ ವಂಶವಾಹಿಗಳು ಚುರುಕಾಗಬೇಕಾಗಿಯೂ ಇಲ್ಲ, ಇರುವ ಸಾಮಗ್ರಿಯೇ ಸಾಕು.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ತಂಪಿನಲ್ಲಿ ಸಾಧಾರಣ ಬೆಳಕಿಗೆ ಬೆಳೆದ ಗಿಡದ ಎಲೆಗಳೂ, ಬೆಚ್ಚಗಿನ ಜಾಗದಲ್ಲಿ ತೀವ್ರ ಬೆಳಕಿಗೆ ಬೆಳೆದ ಗಿಡದ ಎಲೆಗಳೂ ಹಲವು ಬಗೆಯಲ್ಲಿ ಒಂದನ್ನೊಂದು ಹೋಲುತ್ತವೆ. ಎರಡರಲ್ಲೂ ಬರುವ ಶಕ್ತಿಗೂ ಬಳಕೆಯಾಗುವ ಶಕ್ತಿಗೂ ನಡುವಿನ ಅಂತರ ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಎಲೆಕ್ಟ್ರಾನ್‌ಗಳು ಕಟ್ಟಿನಿಂತ ಸುಳಿವು ಹರಿತ್ತು ಕಣದಿಂದ ಜೀವಕೋಶದ ಕೇಂದ್ರಕ್ಕೆ ತಲುಪಿ, ಅಲ್ಲಿ ಯಾವ ವಂಶವಾಹಿಗಳು ಚುರುಕಾಗಬೇಕು, ಯಾವುವು ತಣ್ಣಗಾಗಬೇಕು ಎಂಬುದನ್ನು ಪ್ರಭಾವಿಸುತ್ತದೆ. ಆಹಾರ ತಯಾರಿಸುವ ಅಂಗವೇ ಗಿಡಕ್ಕೆ ಚಳಿಯನ್ನು ಅಳೆಯುವ ಸಾಧನಗಳಲ್ಲೊಂದೂ ಆಗಿದೆ.

ಮುಚ್ಚುವುದೇ, ಮುಂದುವರಿಸುವುದೇ?

ಚಳಿ ಒಂದು ಬೆಳಗಿಗೆ ಮುಗಿಯದೆ ವಾರಗಟ್ಟಲೆ ಇದ್ದರೆ ಗಿಡಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಉತ್ತರದ ಶೀತ ದೇಶಗಳ ಪೈನ್, ಸ್ಪ್ರೂಸ್ ಮರಗಳು ಎಲೆ ಉದುರಿಸದೆಯೇ ಚಳಿಗಾಲಪೂರ್ತಿ ದ್ಯುತಿಸಂಶ್ಲೇಷಣೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ. ಝಿಯಾಕ್ಸಾಂತಿನ್ ರಾತ್ರಿಯೂ ಹಿಂದಿರುಗದೆ ಉಳಿದು, ಹೀರಿದ ಬೆಳಕೆಲ್ಲ ಶಾಖವಾಗಿ ಹೋಗುವ ಸ್ಥಿತಿ ತಿಂಗಳುಗಟ್ಟಲೆ ಇರುತ್ತದೆ.

ಚಳಿಗಾಲದ ಗೋಧಿ, ಗೋಧಿಯನ್ನು ಹೋಲುವ ರೈ ಧಾನ್ಯ, ಪಾಲಕದಂತಹ ಗಿಡಗಳು ಇದಕ್ಕೆ ವಿರುದ್ಧವಾದ ದಾರಿಯಲ್ಲಿ ಸಾಗುತ್ತವೆ. ಆರಂಭದಲ್ಲಿ ಅವುಗಳ ಎಲೆಗಳಲ್ಲೂ ಸಕ್ಕರೆ ತಯಾರಿಕೆ ನಿಧಾನವಾಗಿ, ಈ ಕೆಲಸಕ್ಕೆ ಬೇಕಾದ ರಂಜಕವೆಲ್ಲ ಅರ್ಧಂಬರ್ಧ ತಯಾರಾದ ಸಕ್ಕರೆಗಳಲ್ಲಿ ಸಿಲುಕಿ, ಕೆಲಸ ಕುಂಟುತ್ತದೆ. ಆದರೆ ಚಳಿಯಲ್ಲೇ ಚಿಗುರಿದ ಹೊಸ ಎಲೆಗಳಲ್ಲಿ ಇಂಗಾಲ ಹಿಡಿಯುವ ಕಿಣ್ವಗಳೂ ಸುಕ್ರೋಸ್ ಕಟ್ಟುವ ಕಿಣ್ವಗಳೂ ಹೆಚ್ಚಿನ ಪ್ರಮಾಣದಲ್ಲಿರುತ್ತವೆ. ಒಂದೊಂದು ಕಿಣ್ವವೂ ನಿಧಾನವಾಗಿದ್ದರೇನು, ಅವುಗಳ ಸಂಖ್ಯೆ ಹೆಚ್ಚಿದ್ದರಿಂದ ಒಟ್ಟು ಕೆಲಸ ನಡೆಯುತ್ತದೆ. ಹಾಗೆ ಕೂಡಿದ ಸಕ್ಕರೆ ಹಿಮಗಟ್ಟುವ ಚಳಿಯಿಂದ ಜೀವಕೋಶವನ್ನು ಕಾಯಲೂ ಒದಗುತ್ತದೆ.

ಭತ್ತ, ಟೊಮೆಟೊ, ಸೌತೆ, ಮೆಕ್ಕೆಜೋಳದಂತಹ ಉಷ್ಣವಲಯದ ಮೂಲದ ಬೆಳೆಗಳಿಗೆ ಈ ಎರಡು ದಾರಿಗಳೂ ಚೆನ್ನಾಗಿ ಒಲಿದಿಲ್ಲ. ಅವು ಹಿಮಗಟ್ಟುವ ಚಳಿಗೆ ಬಹಳ ಮೊದಲೇ, ಹತ್ತು ಹದಿನೈದು ಡಿಗ್ರಿಯಲ್ಲೇ ನಲುಗುತ್ತವೆ. ಕೋಶಪೊರೆಯ ಕೊಬ್ಬು ಚಳಿಯಲ್ಲಿ ಎಷ್ಟು ಗಡುಸಾಗುತ್ತದೆ ಎಂಬುದೂ ಇದಕ್ಕೆ ಕಾರಣ. 1992ರಲ್ಲಿ ಜಪಾನಿನ ವಿಜ್ಞಾನಿಗಳು ಪೊರೆಯ ಕೊಬ್ಬಿನ ಸ್ವರೂಪವನ್ನು ನಿರ್ಧರಿಸುವ ಒಂದು ಕಿಣ್ವದ ವಂಶವಾಹಿಯನ್ನು ತಂಬಾಕಿನ ಗಿಡಕ್ಕೆ ಸೇರಿಸಿದರು. ಚಳಿಗೆ ಅಂಜುವ ಕುಂಬಳ ಜಾತಿಯ ಗಿಡದಿಂದ ತಂದ ವಂಶವಾಹಿ ತಂಬಾಕನ್ನು ಇನ್ನಷ್ಟು ಚಳಿಯಂಜುಕವಾಗಿಸಿತು, ಚಳಿ ತಾಳುವ ಅರಾಬಿಡಾಪ್ಸಿಸ್‌ನಿಂದ (ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ, ಸಾಸಿವೆಯ ಕುಟುಂಬದ ಪುಟ್ಟ ಗಿಡ) ತಂದದ್ದು ಅದರ ತಾಳಿಕೆಯನ್ನು ಹೆಚ್ಚಿಸಿತು.

ವಂಶವಾಹಿಗಳು ಚುರುಕಾಗುವ ಬಗೆ

ತಾಪಮಾನ ಇಳಿದ ಕೆಲವೇ ಕ್ಷಣಗಳಲ್ಲಿ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ. ಸುಮಾರು ಕಾಲು ಗಂಟೆಯೊಳಗೆ ಸಿಬಿಎಫ್ ಎಂಬ ಹೆಸರಿನ ವಂಶವಾಹಿಗಳು ಚುರುಕಾಗುತ್ತವೆ. ಇವುಗಳಿಂದ ತಯಾರಾಗುವ ಪ್ರೋಟೀನುಗಳು ನೂರಾರು ಇತರ ವಂಶವಾಹಿಗಳನ್ನು ಎಬ್ಬಿಸುತ್ತವೆ: ಸಕ್ಕರೆ ಕೂಡಿಡುವವು, ಪೊರೆಯನ್ನು ಕಾಯುವವು, ನೀರಿನ ನಷ್ಟ ತಡೆಯುವವು. 1998ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ತಂಡವು ಸಿಬಿಎಫ್ ಒಂದನ್ನು ಸದಾ ಚುರುಕಾಗಿರುವಂತೆ ಮಾಡಿ, ಚಳಿಯನ್ನೇ ಕಾಣದ ಗಿಡಕ್ಕೂ ಹಿಮ ತಾಳುವ ಶಕ್ತಿ ಬರಿಸಬಹುದೆಂದು ತೋರಿಸಿತು. ಈ ಸಿದ್ಧತೆಯ ಪರಿಣಾಮ ಎಷ್ಟು ದೊಡ್ಡದೆಂಬುದಕ್ಕೆ ರೈ ಬೆಳೆಯೇ ಸಾಕ್ಷಿ. ಬೆಚ್ಚಗೆ ಬೆಳೆದ ರೈ ಮೈನಸ್ 5 ಡಿಗ್ರಿಯ ಆಸುಪಾಸಿನಲ್ಲಿ ಸಾಯುತ್ತದೆ, ಕೆಲಕಾಲ ತಂಪಿನಲ್ಲಿದ್ದು ಒಗ್ಗಿದ ರೈ ಮೈನಸ್ 30 ಡಿಗ್ರಿಯವರೆಗೂ ಉಳಿಯಬಲ್ಲದು.

ಹಾಗಿದ್ದರೆ ಎಲ್ಲ ಬೆಳೆಗಳಲ್ಲೂ ಸಿಬಿಎಫ್ ವಂಶವಾಹಿಗಳನ್ನು ಸದಾ ಎಚ್ಚರವಾಗಿಡಬಾರದೇಕೆ? ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಅಂಥ ಗಿಡಗಳು ಕುಳ್ಳಾಗುತ್ತವೆ, ತಡವಾಗಿ ಹೂಬಿಡುತ್ತವೆ, ಇಳುವರಿ ಕಡಿಮೆಯಾಗುತ್ತದೆ. ಚಳಿ ಬಂದಾಗ ಎದ್ದು, ಹೋದಾಗ ಮಲಗುವುದೇ ಗಿಡಕ್ಕೆ ಲಾಭ. ಚಳಿಯ ಸಿದ್ಧತೆ ಸಾಮಾನ್ಯವಾಗಿ ತಾತ್ಕಾಲಿಕವಾಗಿರುವುದಕ್ಕೆ ಇದೇ ಕಾರಣ, ಮತ್ತು ಅದು ಬೀಜಕ್ಕೆ ದಾಟುತ್ತದೆ ಎಂದು ಯಾರಾದರೂ ಹೇಳಿದಾಗ ವಿಜ್ಞಾನಿಗಳು ಹುಬ್ಬೇರಿಸುವುದಕ್ಕೂ ಇದೇ ಕಾರಣ.

ಅಳಿಸಿಹೋಗುವ ನೆನಪು ಮತ್ತು ಲೈಸೆಂಕೋ

ಆದರೂ ಗಿಡಗಳು ಚಳಿಯನ್ನು ನೆನಪಿಡುವುದು ಹೊಸ ಸಂಗತಿಯಲ್ಲ. ಚಳಿಗಾಲದ ಗೋಧಿ ವಾರಗಟ್ಟಲೆ ಚಳಿ ಉಂಡ ನಂತರವೇ ವಸಂತದಲ್ಲಿ ತೆನೆಗಟ್ಟುತ್ತದೆ. ಅರಾಬಿಡಾಪ್ಸಿಸ್ ಗಿಡದಲ್ಲಿ ಇದರ ಒಳಗುಟ್ಟನ್ನು ಬಿಡಿಸಿದವರಲ್ಲಿ ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದ ಕ್ಯಾರೊಲಿನ್ ಡೀನ್ ಪ್ರಮುಖರು. ಹೂಬಿಡುವುದನ್ನು ತಡೆಹಿಡಿಯುವ ಎಫ್‌ಎಲ್‌ಸಿ ಎಂಬ ವಂಶವಾಹಿ ದೀರ್ಘ ಚಳಿಯಲ್ಲಿ ಕೋಶದಿಂದ ಕೋಶಕ್ಕೆ ಮುಚ್ಚಿಕೊಳ್ಳುತ್ತ ಹೋಗುತ್ತದೆ, ಮತ್ತೆ ಬಿಸಿಲು ಬಂದರೂ ಮುಚ್ಚಿಯೇ ಇರುತ್ತದೆ. ಇಲ್ಲೂ ಡಿಎನ್‌ಎಯ ಅಕ್ಷರ ಬದಲಾಗುವುದಿಲ್ಲ, ಅದು ಸುತ್ತಿಕೊಂಡಿರುವ ಪ್ರೋಟೀನುಗಳ ಮೇಲಿನ ಗುರುತು ಬದಲಾಗುತ್ತದೆ. ಆದರೆ ಬೀಜ ಕಟ್ಟುವಾಗ ಈ ಗುರುತು ಅಳಿಸಿಹೋಗಿ ಎಫ್‌ಎಲ್‌ಸಿ ಮತ್ತೆ ತೆರೆದುಕೊಳ್ಳುತ್ತದೆ. ಪ್ರತಿ ತಲೆಮಾರೂ ತನ್ನ ಚಳಿಗಾಲವನ್ನು ತಾನೇ ಕಾಣಬೇಕು.

ಈ ಸಣ್ಣ ವಿವರದ ಸುತ್ತ ಇಪ್ಪತ್ತನೆಯ ಶತಮಾನದ ಘೋರ ವೈಜ್ಞಾನಿಕ ದುರಂತವೊಂದು ನಡೆದಿದೆ. 1920ರ ದಶಕದ ಕೊನೆಯಲ್ಲಿ ಸೋವಿಯತ್ ಒಕ್ಕೂಟದ ಟ್ರೋಫಿಮ್ ಲೈಸೆಂಕೋ ಚಳಿಗಾಲದ ಗೋಧಿಯ ಬೀಜಕ್ಕೆ ತಂಪು ಕೊಟ್ಟು ವಸಂತದಲ್ಲಿ ಬಿತ್ತುವ ವಿಧಾನದಿಂದ ಹೆಸರು ಮಾಡಿದ. ಆ ಪರಿಣಾಮ ನಿಜವಾದದ್ದು, ಜರ್ಮನಿಯ ಗಾಸ್ನರ್ 1918ರಲ್ಲೇ ಅದನ್ನು ವಿವರಿಸಿದ್ದ. ಆದರೆ ಹೀಗೆ ಗಳಿಸಿದ ಗುಣ ಮುಂದಿನ ತಲೆಮಾರಿಗೂ ಹೋಗುತ್ತದೆ, ಚಳಿಗಾಲದ ಗೋಧಿಯನ್ನು ಕಾಯಂ ಆಗಿ ವಸಂತದ ಗೋಧಿಯಾಗಿಸಬಹುದು ಎಂದು ಲೈಸೆಂಕೋ ಸಾರಿದ, ಮತ್ತು ಸ್ಟಾಲಿನ್ ಆಡಳಿತ ಅದನ್ನೇ ಅಧಿಕೃತ ಸತ್ಯವಾಗಿಸಿತು. ಬೆಳೆಗಳ ಮೂಲನೆಲೆಗಳನ್ನು ಜಗತ್ತಿಗೆ ತೋರಿಸಿಕೊಟ್ಟ, ಲೈಸೆಂಕೋನನ್ನು ವಿರೋಧಿಸಿದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ 1940ರಲ್ಲಿ ಬಂಧಿತರಾಗಿ 1943ರಲ್ಲಿ ಸರಾತೋವ್‌ನ ಸೆರೆಮನೆಯಲ್ಲಿ ತೀರಿಕೊಂಡರು. 1948ರ ಹೊತ್ತಿಗೆ ಆ ದೇಶದಲ್ಲಿ ತಳಿವಿಜ್ಞಾನ ಬೋಧಿಸುವುದೇ ಅಸಾಧ್ಯವಾಯಿತು. ಚಳಿ, ಧಾನ್ಯ, ಗಳಿಸಿದ ಗುಣದ ವಂಶಪಾರಂಪರ್ಯ ಎಂಬ ಮೂರು ಮಾತುಗಳು ಒಟ್ಟಿಗೆ ಬಂದಾಗ ಜೀವವಿಜ್ಞಾನಿಗಳು ಇಂದಿಗೂ ಅತಿಯಾಗಿ ಎಚ್ಚರ ವಹಿಸುವುದರ ಹಿಂದೆ ಈ ಇತಿಹಾಸವಿದೆ. ಆ ಎಚ್ಚರ ನ್ಯಾಯವಾದದ್ದೇ.

ಭತ್ತದಲ್ಲಿ ಕಂಡದ್ದೇನು

ಚೀನಾದ ತಂಡ ಚಳಿ ಕೊಟ್ಟದ್ದು ಭತ್ತ ಹೊಡೆಯಲ್ಲಿದ್ದಾಗ, ಪರಾಗ ರೂಪುಗೊಳ್ಳುವ ಸೂಕ್ಷ್ಮ ಹಂತದಲ್ಲಿ. ಆಗ ಶೀತ ತಗುಲಿದರೆ ಪರಾಗ ಬಂಜೆಯಾಗಿ ತೆನೆಯಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚಾಗುತ್ತದೆ. 1993ರಲ್ಲಿ ಜಪಾನಿನಲ್ಲಿ ಬೇಸಿಗೆ ತಂಪಾಗಿ ಭತ್ತದ ಬೆಳೆ ವಾಡಿಕೆಯ ನಾಲ್ಕರಲ್ಲಿ ಮೂರು ಪಾಲಿಗೆ ಇಳಿದು, ಆ ದೇಶ ತುರ್ತಾಗಿ ಅಕ್ಕಿ ಆಮದು ಮಾಡಿಕೊಳ್ಳಬೇಕಾಗಿ ಬಂದದ್ದರಲ್ಲಿ ಈ ಜೊಳ್ಳಿನ ಪಾತ್ರ ದೊಡ್ಡದು.

ಮೂರು ತಲೆಮಾರಿನ ನಂತರ ದೊರೆತ ತಾಳಿಕೆಯ ಸಂತತಿಯಲ್ಲಿ, ಎಸಿಟಿ1 ಎಂದು ಹೆಸರಿಟ್ಟ ವಂಶವಾಹಿಯ ಮುಂಭಾಗದಲ್ಲಿ ಮೀಥೈಲ್ ಗುರುತುಗಳು ಕಡಿಮೆಯಾಗಿದ್ದವು. ಸಾಮಾನ್ಯ ಭತ್ತದಲ್ಲಿ ಚಳಿ ಬಂದರೆ ಈ ವಂಶವಾಹಿ ಮಂಕಾಗುತ್ತದೆ, ಈ ಸಂತತಿಯಲ್ಲಿ ಮಾತ್ರ ಚಳಿಯಲ್ಲೂ ಅದು ಕೆಲಸ ಮಾಡುತ್ತಲೇ ಇತ್ತು. ಇಷ್ಟಕ್ಕೇ ನಿಂತಿದ್ದರೆ ಇದೊಂದು ಕಾಕತಾಳೀಯ ಎನ್ನಬಹುದಿತ್ತು. ತಂಡವು ಮುಂದುವರಿದು, ಅಕ್ಷರ ಮುಟ್ಟದೆ ಮೀಥೈಲ್ ಗುರುತನ್ನಷ್ಟೇ ತೆಗೆಯುವ, ಸೇರಿಸುವ ಉಪಕರಣಗಳಿಂದ ಆ ಜಾಗವನ್ನು ತಿದ್ದಿ, ಗುರುತು ಬದಲಾದರೆ ತಾಳಿಕೆಯೂ ಬದಲಾಗುತ್ತದೆಂದು ತೋರಿಸಿತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಬಂಧದ ಬಲವಾದ ಭಾಗ ಇದೇ. ಜೊತೆಗೆ ಚೀನಾದ ನಾಟಿ ತಳಿಗಳನ್ನು ಪರೀಕ್ಷಿಸಿದಾಗ, ಈ ಜಾಗದಲ್ಲಿ ಗುರುತು ಕಡಿಮೆಯಿರುವ ತಳಿಗಳು ಉತ್ತರದ ಶೀತ ಪ್ರದೇಶಗಳಲ್ಲಿ ಹೆಚ್ಚಾಗಿಯೂ, ಗುರುತು ತುಂಬಿರುವ ತಳಿಗಳು ದಕ್ಷಿಣದಲ್ಲಿ ಹೆಚ್ಚಾಗಿಯೂ ಕಂಡುಬಂದವು. ಯಾಂಗ್‌ತ್ಸೆ ನದಿಯ ಬಯಲಿನಲ್ಲಿ ಕೃಷಿಗೆ ಒಗ್ಗಿದ ಭತ್ತ ಉತ್ತರದ ಹೈಲಾಂಗ್‌ಜಿಯಾಂಗ್‌ವರೆಗೆ ಹೇಗೆ ಹಬ್ಬಿತು ಎಂಬ ಹಳೆಯ ಪ್ರಶ್ನೆಗೆ ಇದು ಒಂದು ಉತ್ತರ.

ಒಂದೇ ಉತ್ತರವಂತೂ ಅಲ್ಲ. 2015ರಲ್ಲಿ ಚೀನಾದ್ದೇ ಬೇರೊಂದು ತಂಡ ಕೋಲ್ಡ್1 ಎಂಬ ವಂಶವಾಹಿಯನ್ನು ಗುರುತಿಸಿತ್ತು. ಅದರಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ ಜಪೋನಿಕಾ ಎಂಬ ಉಪಜಾತಿಯ ಭತ್ತಕ್ಕೆ ಚಳಿ ತಾಳುವ ಶಕ್ತಿ ಕೊಟ್ಟಿದೆ. ಅಕ್ಷರದ ದಾರಿ, ಗುರುತಿನ ದಾರಿ ಎರಡೂ ಒಂದೇ ಬೆಳೆಯ ಚರಿತ್ರೆಯಲ್ಲಿವೆ.

ಲಾಮಾರ್ಕ್ ಸರಿಯೇ?

ಹೌದೆನ್ನುವವರ ವಾದ ಹೀಗಿದೆ. ಪರಿಸರದ ಒತ್ತಡ ಬಂತು, ಅದರಿಂದ ಗುರುತು ಬದಲಾಯಿತು, ಬದಲಾದ ಗುರುತು ಆ ಒತ್ತಡವನ್ನೇ ತಾಳುವ ಗುಣ ಕೊಟ್ಟಿತು, ಗುಣ ಮಕ್ಕಳಿಗೆ ಬಂತು. ಚಳಿಯಲ್ಲಿ ಮೀಥೈಲ್ ಗುರುತನ್ನು ಕಾಯ್ದುಕೊಳ್ಳುವ ಕಿಣ್ವವೊಂದರ ಪ್ರಮಾಣವೇ ಇಳಿಯುತ್ತದೆ ಎಂಬ ವಿವರಣೆಯೂ ಇದೆ. ಗಿಡಗಳಲ್ಲಿ ಇದು ಸಾಧ್ಯವಾಗಲು ದೇಹರಚನೆಯ ಅನುಕೂಲವೂ ಇದೆ. ಪ್ರಾಣಿಗಳಲ್ಲಿ ಮುಂದಿನ ಪೀಳಿಗೆಗೆ ಹೋಗುವ ಕೋಶಗಳು ಭ್ರೂಣಾವಸ್ಥೆಯಲ್ಲೇ ಬೇರೆಯಾಗಿಬಿಡುತ್ತವೆ, ಆಮೇಲೆ ದೇಹಕ್ಕೆ ಏನಾದರೂ ಅವುಗಳಿಗೆ ಮುಟ್ಟುವುದು ಕಷ್ಟ. ಗಿಡದಲ್ಲಿ ಎಲೆ ಬಿಡುತ್ತಿದ್ದ ಕುಡಿಯೇ ಮುಂದೆ ಹೂವಾಗುತ್ತದೆ, ಆದ್ದರಿಂದ ಕುಡಿ ಅನುಭವಿಸಿದ ಚಳಿಯ ಗುರುತು ಬೀಜ ತಲುಪಲು ದಾರಿ ತೆರೆದಿರುತ್ತದೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1744ರಲ್ಲಿ ವಿವರಿಸಿದ ವಿಚಿತ್ರ ಹೂವಿನ ಲೈನೇರಿಯಾ ಗಿಡವೂ ಹೀಗೆ ಮೀಥೈಲ್ ಗುರುತಿನ ಫಲವೆಂದು 1999ರಲ್ಲಿ ತಿಳಿದುಬಂದಿದೆ.

ಸಂದೇಹ ಪಡುವವರು ಒಂದು ಮೂಲಭೂತ ಪ್ರಶ್ನೆ ಎತ್ತುತ್ತಾರೆ. ಚಳಿಯೇ ಎಸಿಟಿ1ರ ಗುರುತನ್ನು ಉದ್ದೇಶಿಸಿ ಅಳಿಸಿತೇ, ಅಥವಾ ಗುರುತುಗಳು ಎಲ್ಲೆಡೆ ತಾವಾಗಿ ಅಳಿಯುತ್ತಿರುವಾಗ ಎಸಿಟಿ1ರದ್ದು ಅಳಿದ ಗಿಡಕ್ಕೆ ಚಳಿಯಲ್ಲಿ ಹೆಚ್ಚು ಕಾಳು ಕಟ್ಟಿ, ಅದರ ಸಂತತಿ ಉಳಿಯಿತೇ? ಅರಾಬಿಡಾಪ್ಸಿಸ್‌ನಲ್ಲಿ ನಡೆದ ಅಳತೆಗಳ ಪ್ರಕಾರ ಡಿಎನ್‌ಎಯ ಒಂದು ಅಕ್ಷರ ಒಂದು ತಲೆಮಾರಿನಲ್ಲಿ ಬದಲಾಗುವ ಸಾಧ್ಯತೆ ನೂರು ಕೋಟಿಯಲ್ಲಿ ಸುಮಾರು ಏಳು. ಮೀಥೈಲ್ ಗುರುತು ತಾನಾಗಿ ಅಳಿಯುವ ಅಥವಾ ಸೇರುವ ಸಾಧ್ಯತೆ ಹತ್ತು ಸಾವಿರದಲ್ಲಿ ಕೆಲವು. ಅಂದರೆ ಹತ್ತಾರು ಸಾವಿರ ಪಟ್ಟು ಹೆಚ್ಚು. ಇಷ್ಟು ಬಾರಿ ತಾನಾಗಿ ನಡೆಯುವ ಬದಲಾವಣೆಗಳಲ್ಲಿ ಉಪಯುಕ್ತವಾದದ್ದನ್ನು ಚಳಿ ಆರಿಸಿತು ಎಂದಾದರೆ, ಅದು ಡಾರ್ವಿನ್ ಹೇಳಿದ ಆಯ್ಕೆಯೇ. ಬದಲಾದದ್ದು ಅಕ್ಷರವಲ್ಲ, ಗುರುತು ಎಂಬುದಷ್ಟೇ ವ್ಯತ್ಯಾಸ. ಪ್ರಬಂಧವು ವಿವರಿಸುವುದು ಇಂಥ ಒಂದು ಸಂತತಿಯನ್ನು. ಚಳಿ ಉಂಡ ಗಿಡಗಳೆಲ್ಲ ಒಂದೇ ದಿಕ್ಕಿನಲ್ಲಿ ಬದಲಾಗುತ್ತವೆಯೇ ಎಂಬುದಕ್ಕೆ ಒಂದು ಸಂತತಿಯಿಂದ ಉತ್ತರ ಸಿಗುವುದಿಲ್ಲ.

ನನ್ನ ತೀರ್ಮಾನ ಎರಡನೆಯ ಕಡೆಗೆ ವಾಲುತ್ತದೆ. ಅಕ್ಷರ ಬದಲಾಗದೆಯೂ ಉಪಯುಕ್ತ ಗುಣ ತಲೆಮಾರುಗಳಿಗೆ ದಾಟಬಲ್ಲದು ಎಂಬುದನ್ನು ಈ ಪ್ರಯೋಗ ಗಟ್ಟಿಯಾಗಿ ತೋರಿಸಿದೆ, ಮತ್ತು ಅದು ಸಣ್ಣ ಸಾಧನೆಯಲ್ಲ. ಚಳಿ ತನಗೆ ಬೇಕಾದ ಬದಲಾವಣೆಯನ್ನೇ ಬರೆಸಿತು ಎಂಬುದನ್ನು ತೋರಿಸಿಲ್ಲ. ಡಾರ್ವಿನ್ನರನ್ನು ಸೋಲಿಸಿದ ಪ್ರಯೋಗ ಎನ್ನುವುದಂತೂ ಇತಿಹಾಸದ ದೃಷ್ಟಿಯಿಂದಲೂ ತಪ್ಪು. ಗಳಿಸಿದ ಗುಣಗಳು ಮುಂದಿನ ಪೀಳಿಗೆಗೆ ಹೋಗಬಹುದೆಂದು ಸ್ವತಃ ಡಾರ್ವಿನ್ನರೇ ನಂಬಿದ್ದರು, 1868ರಲ್ಲಿ ಅದಕ್ಕೊಂದು ವಿವರಣೆಯನ್ನೂ ಮುಂದಿಟ್ಟಿದ್ದರು.

ಬೀಜ, ಕಾಯ್ದೆ ಮತ್ತು ಸಸಿಮಡಿ

ವ್ಯವಸಾಯಕ್ಕೆ ಇದರಿಂದ ಆಗುವುದೇನು? ಮೊದಲ ಪ್ರಶ್ನೆ ಬಾಳಿಕೆಯದು. ತಳಿವರ್ಧಕರ ಬೀಜದಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ, ಅಲ್ಲಿಂದ ರೈತರ ಗದ್ದೆ, ಬಳಿಕ ರೈತರು ತಾವೇ ಉಳಿಸಿಕೊಂಡ ಬೀಜ ಎಂದು ಒಂದು ತಳಿ ಹಲವು ತಲೆಮಾರು ದಾಟುತ್ತದೆ. ಅಕ್ಷರದಲ್ಲಿ ಬರೆದ ಗುಣ ಇಷ್ಟು ದೂರ ಬಂದರೂ ಉಳಿದಿರುತ್ತದೆ. ಗುರುತಿನಲ್ಲಿ ಬರೆದದ್ದು ಕೆಲವು ಸಂತತಿಗಳಲ್ಲಿ ಹಿಂದಿರುಗಬಹುದು, ಲೈನೇರಿಯಾದ ವಿಚಿತ್ರ ಹೂಗಳು ಕೆಲವೊಮ್ಮೆ ಸಾಮಾನ್ಯ ರೂಪಕ್ಕೆ ಮರಳುವಂತೆ. ಐದು ತಲೆಮಾರು ಸಂಶೋಧನೆಗೆ ದೊಡ್ಡ ಸಂಖ್ಯೆ, ಬೀಜ ವ್ಯವಸ್ಥೆಗೆ ಸಣ್ಣದು. ಭಾರತದಲ್ಲಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ಹೊಸ ತಳಿಯ ನೋಂದಣಿಗೆ ಅದು ಭಿನ್ನ, ಏಕರೂಪ ಮತ್ತು ಸ್ಥಿರ ಆಗಿರಬೇಕು. ಗುರುತಿನಿಂದ ಬಂದ ಗುಣ ಸ್ಥಿರತೆಯ ಪರೀಕ್ಷೆಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದು ಮುಂದೆ ಏಳಲಿರುವ ನಿಜವಾದ ಪ್ರಶ್ನೆ.

ಎರಡನೆಯದು ತಂತ್ರಜ್ಞಾನದ ನಿಯಂತ್ರಣ. 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಹೊರಗಿನ ಡಿಎನ್‌ಎ ಉಳಿಯದಂತೆ ಜೀನೋಮ್ ತಿದ್ದುಪಡಿ ಮಾಡಿದ ಕೆಲವು ವರ್ಗದ ಗಿಡಗಳನ್ನು ಕುಲಾಂತರಿ ನಿಯಮಗಳ ಹಲವು ಕಟ್ಟುಪಾಡುಗಳಿಂದ ಹೊರಗಿಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಘೋಷಿಸಲಾಯಿತು. ಈ ವರ್ಗೀಕರಣವೆಲ್ಲ ಅಕ್ಷರ ಎಷ್ಟು ಬದಲಾಯಿತು ಎಂಬುದರ ಮೇಲೆ ನಿಂತಿದೆ. ಒಂದು ಅಕ್ಷರವೂ ಬದಲಾಗದ, ಗುರುತು ಮಾತ್ರ ತಿದ್ದಿದ ಗಿಡವನ್ನು ಯಾವ ಸಾಲಿಗೆ ಸೇರಿಸಬೇಕೆಂಬುದನ್ನು ಬೇಡಿಕೆ ಬರುವ ಮೊದಲೇ ಯೋಚಿಸಿಡುವುದು ಒಳ್ಳೆಯದು.

ಕರ್ನಾಟಕದ ಭತ್ತದ ರೈತರು ಈ ಸುದ್ದಿಯಿಂದ ತಕ್ಷಣದ ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ, ಮತ್ತು ಕಾರಣ ಜೀವವಿಜ್ಞಾನದ್ದೇ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡನೆಯ ಬೆಳೆಗೆ ಡಿಸೆಂಬರ್ ಸುಮಾರಿಗೆ ಹಾಕುವ ಸಸಿಮಡಿಗೂ, ಬಂಗಾಳ ಮತ್ತು ಅಸ್ಸಾಮಿನಲ್ಲಿ ಚಳಿಗಾಲದಲ್ಲಿ ನಾಟಿ ಮಾಡುವ ಬೋರೋ ಭತ್ತದ ಸಸಿಮಡಿಗೂ ಚಳಿ ತಗಲುವುದು ಎಳೆಯ ಸಸಿಯ ಹಂತದಲ್ಲಿ. ಅಲ್ಲಿನ ಕಷ್ಟ ಮೇಲೆ ವಿವರಿಸಿದ ಬೆಳಕು ಮತ್ತು ಕಿಣ್ವಗಳ ಅಸಮತೋಲನದ್ದು, ಬೇರಿನ ಮಂದಗತಿಯದು. ಎಸಿಟಿ1ರ ಪ್ರಯೋಗದಲ್ಲಿ ಚಳಿ ಕೊಟ್ಟದ್ದು ಹೊಡೆಯ ಹಂತದಲ್ಲಿ, ಅಳೆದದ್ದು ಕಾಳುಕಟ್ಟುವಿಕೆಯನ್ನು. ಒಂದು ಹಂತದ ತಾಳಿಕೆ ಇನ್ನೊಂದು ಹಂತಕ್ಕೆ ತಾನಾಗಿ ಬರುವುದಿಲ್ಲ ಎಂಬುದು ಭತ್ತದ ತಳಿ ಅಭಿವೃದ್ಧಿಯಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಸಸಿಮಡಿಗೆ ರಾತ್ರಿ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಸಂಜೆ ನೀರು ನಿಲ್ಲಿಸಿ ಬೆಳಿಗ್ಗೆ ಆ ತಣ್ಣನೆಯ ನೀರನ್ನು ಬಸಿಯುವುದು ಸದ್ಯಕ್ಕೆ ಬೋರೋ ಬೆಳೆಗಾರರಿಗೆ ಕೊಡುವ ಸಲಹೆ. ಎಳೆಯ ಸಸಿಗಳಿಗೂ ಹೀಗೆ ತಲೆಮಾರು ತಲೆಮಾರು ಚಳಿ ಕೊಟ್ಟು, ಒಂದರ ಬದಲು ಹಲವು ಸಂತತಿಗಳನ್ನು ಆಯ್ಕೆ ಮಾಡದೆಯೇ ಬೆಳೆಸಿ, ಎಷ್ಟರಲ್ಲಿ ಗುರುತು ಬದಲಾಯಿತೆಂದು ಎಣಿಸಿದರೆ ಲಾಮಾರ್ಕ್‌ನ ಪ್ರಶ್ನೆಗೂ ಸಸಿಮಡಿಯ ಪ್ರಶ್ನೆಗೂ ಒಂದೇ ಪ್ರಯೋಗದಲ್ಲಿ ಉತ್ತರ ಸಿಗಬಹುದು.